ದೊಡ್ಡಕ್ಕನ ಪರವಾಗಿ

ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸತರಲ್ಲಿ ನನಗೂ ಅತ್ತೆಗೂ ಮಾತಾಡಲು ಹೆಚ್ಚೇನೂ ಇರಲಿಲ್ಲ. ಜಗಳವೂ ಇರಲಿಲ್ಲ. ನಾನು ಹಾಸನದ ಕಡೆಯವಳು. ಅವರು ಬೀದರಿನವರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತರಾಗಿದ್ದರು. ಇಬ್ಬರದೂ ಕನ್ನಡವೇ, ಆದರೂ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸ್ವಲ್ಪ ತಡವಾಗಿ ತಲುಪುತ್ತಿತ್ತು. ಅವರು 'ಸಂಡಿಗಿ ಆರಾಕತ್ತಾವು, ನೋಡವಾ' ಅಂದರೆ ನಾನು ಒಂದು ಗಳಿಗೆ ನಿಂತು ಯೋಚಿಸಿ ಮಾಳಿಗೆ ಹತ್ತುತ್ತಿದ್ದೆ. ಮಾವ ಹೋಗಿ ಬಹಳ ವರ್ಷವಾಗಿತ್ತು. ಗಂಡ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು, ಬೆಳಕು ಹರಿಯುವ ಹೊತ್ತಿಗೆ ಕಂಪನಿ ಬಸ್ಸು ಹಿಡಿಯುತ್ತಿದ್ದರು. ನನ್ನದು ಹೈಟೆಕ್ ಸಿಟಿ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ. ಆಗ ಆ ಕಡೆ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಕಾಚಿಗುಡದ ನಮ್ಮ ಮನೆಯಿಂದ ಅಲ್ಲಿಗೆ ಹೋಗಿ ಬರುವುದೇ ಒಂದು ಪ್ರಯಾಣ. ಸಂಜೆ ಮನೆ ಸೇರಿದಾಗ ಯಾರೊಂದಿಗೂ ಮಾತು ಬೇಡವಾಗಿರುತ್ತಿತ್ತು.

ನಮ್ಮಿಬ್ಬರನ್ನು ಒಂದೇ ಸೋಫಾದಲ್ಲಿ ಕೂರಿಸಿದ್ದು ಒಂದು ಧಾರಾವಾಹಿ.

ಅತ್ತೆಗೆ ಚಿಕ್ಕಂದಿನಿಂದ ಪ್ರಿಯವಾದ ಒಂದು ಹಳೆಯ ಕಾದಂಬರಿಯಿತ್ತು. ತಾಯಿಯಿಲ್ಲದ ಅಕ್ಕ ತಂಗಿಯರ ಕತೆ. ಅಕ್ಕ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಎಲ್ಲರನ್ನೂ ಆಳುವವಳು. ಊರೆಲ್ಲ ಅವಳನ್ನು ದೊಡ್ಡಕ್ಕ ಅನ್ನುತ್ತದೆ. ತಂಗಿಗೆ ಧಾರವಾಡಕ್ಕೆ ಹೋಗಿ ಟೀಚರ್ ಆಗಲು ಓದುವ ಆಸೆ. ದೊಡ್ಡಕ್ಕ ಬಿಡುವುದಿಲ್ಲ. ಈ ಕತೆಯನ್ನು ಒಂದು ಕನ್ನಡ ಚಾನೆಲ್ ಧಾರಾವಾಹಿ ಮಾಡಿ ಸಂಜೆ ಹಾಕತೊಡಗಿತು. ಮೊದಲ ದಿನವೇ ಅತ್ತೆ ಸೆರಗು ಸರಿಮಾಡಿಕೊಂಡು, ಯಾರೋ ಬೀಗರು ಬರುವವರಂತೆ ಟಿ.ವಿ. ಮುಂದೆ ಕೂತರು. ಕಂತು ಮುಗಿದಾಗ ಅವರ ಮುಖ ಕೆಂಪಾಗಿತ್ತು.

"ಇದೇನ ಮಾಡ್ಯಾರ ದೊಡ್ಡಕ್ಕಗ? ಕಣ್ಣಿಗೆ ಅಷ್ಟು ಕಾಡಿಗಿ, ಅಕಿ ಬಂದ್ರ ಸಾಕು ಹಿಂದ ಡಬಡಬ ನಗಾರಿ! ಅಕಿ ಏನ್ ರಾಕ್ಷಸೀನ?"

ನಾನು ಕಾದಂಬರಿ ಓದಿರಲಿಲ್ಲ. "ಪುಸ್ತಕದಲ್ಲಿ ಹಾಗಿಲ್ವಾ ಅತ್ತೆ?" ಎಂದೆ.

ಅಷ್ಟು ಸಾಕಾಯಿತು. ಅನ್ನ ಬಡಿಸುತ್ತ, ಬಟ್ಟೆ ಮಡಚುತ್ತ, ಮಜ್ಜಿಗೆ ಕಡೆಯುತ್ತ ಅತ್ತೆ ನನಗೆ ಇಡೀ ಕತೆ ಹೇಳಿದರು. ನಾನು ಆ ಮನೆಗೆ ಬಂದ ಮೇಲೆ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

ಅದೇ ವಾರ ನನಗೆ ಅಂತರಜಾಲದಲ್ಲಿ ಒಂದು ಗುಂಪು ಸಿಕ್ಕಿತು. ಊರೂರುಗಳಲ್ಲಿ, ದೇಶದೇಶಗಳಲ್ಲಿ ಚದುರಿದ್ದ ಕನ್ನಡಿಗರು ಪ್ರತಿ ಕಂತು ಮುಗಿದ ಮೇಲೆ ಆ ಧಾರಾವಾಹಿಯ ಬಗ್ಗೆ ಇಮೇಲು ಬರೆದುಕೊಳ್ಳುತ್ತಿದ್ದರು. ಯಾವ ಪಾತ್ರ ಯಾಕೆ ಹಾಗೆ ಮಾಡಿತು, ಕಾದಂಬರಿಯಲ್ಲಿದ್ದದ್ದು ಇಲ್ಲಿ ಯಾಕಿಲ್ಲ, ತಂಗಿಯ ಪಾತ್ರದ ಹುಡುಗಿಗೆ ಅಳುವುದೊಂದು ಬಿಟ್ಟು ಇನ್ನೇನು ಬರುತ್ತದೆ, ಇಂಥ ಚರ್ಚೆ. ಆಗ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಸುಲಭವಾಗಿ ಮೂಡುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದರು. ಮನೆಯಲ್ಲಿ ನನ್ನ ಗಂಡ ತಂದಿಟ್ಟ ಕಂಪ್ಯೂಟರ್ ಇತ್ತು. ಅದನ್ನು ಫೋನಿನ ತಂತಿಗೆ ಜೋಡಿಸಿದರೆ ಕಿರ್ರೋ ಎಂದು ಕೂಗಿ ಕೊನೆಗೊಮ್ಮೆ ಸಂಪರ್ಕ ಸಿಗುತ್ತಿತ್ತು. ಆ ಸದ್ದಿಗೆ ಅತ್ತೆ ಅಡುಗೆಮನೆಯಿಂದಲೇ, "ಲೈನ್ ಹತ್ತಿತು ನೋಡು" ಅನ್ನುತ್ತಿದ್ದರು. ಬದುಕೆಲ್ಲ ಲೈನ್ ಜೋಡಿಸಿದವರಿಗೆ ಅದು ಗೊತ್ತಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಂಪಿನ ಪತ್ರಗಳನ್ನು ತೆರೆದು ತೋರಿಸಿದೆ. ಕನ್ನಡಕ ಏರಿಸಿ ಒಂದು ಸಾಲು ಓದಲು ಹೆಣಗಿ, "ಕನ್ನಡಕ್ಕ ಕೋಟು ಪ್ಯಾಂಟು ಹಾಕಿ ನಿಲ್ಲಿಸ್ಯಾರ. ನೀನ ಓದವಾ" ಎಂದರು.

ನಾನು ಓದಿದೆ. ಬರೆದವರಲ್ಲಿ ಮುಕ್ಕಾಲು ಮಂದಿ ದೊಡ್ಡಕ್ಕನನ್ನು ಬೈದಿದ್ದರು. ಎಲ್ಲರಿಗಿಂತ ಖಾರವಾಗಿ ಬರೆದವಳು ದಿಲ್‌ಸುಖ್‌ನಗರದ ಒಬ್ಬ ಹುಡುಗಿ. ಯಾದಗಿರಿ ಕಡೆಯಿಂದ ಕೋಚಿಂಗ್ ಸೆಂಟರಿಗೆಂದು ಬಂದು ಹಾಸ್ಟೆಲ್ಲಿನಲ್ಲಿದ್ದಳು, ನೆಟ್ ಸೆಂಟರಿನಿಂದ ಬರೆಯುತ್ತಿದ್ದಳು. ತಾನು ಸುಖ ಕಾಣದವಳು ಇನ್ನೊಬ್ಬರ ಸುಖ ಸಹಿಸುವುದಿಲ್ಲ, ದೊಡ್ಡಕ್ಕ ಅಂದರೆ ಇಷ್ಟೇ, ಎಂದು ಅವಳ ವಾದ.

"ಬರಿ ನೀ, ನಾ ಹೇಳ್ತೀನಿ" ಎಂದರು ಅತ್ತೆ.

ಅವರು ಹೇಳಿದ್ದನ್ನು ಹಾಗೆಯೇ, ಅವರ ಮಾತಿನಲ್ಲೇ ಟೈಪ್ ಮಾಡಿದೆ. ಸಹಿ ಜಾಗದಲ್ಲಿ 'ಹೈದರಾಬಾದಿನ ಅತ್ತೆ' ಎಂದು ಹಾಕಿದೆ. ಮರುದಿನದ ಹೊತ್ತಿಗೆ ಅವರಿಗೆ ಅಭಿಮಾನಿಗಳು ಹುಟ್ಟಿಕೊಂಡಿದ್ದರು. ಆ ಭಾಷೆಗೇ ಮಾರುಹೋದವರು ಕೆಲವರು. ಮಸ್ಕತ್ತಿನಲ್ಲಿದ್ದ ಒಬ್ಬ ಗೃಹಸ್ಥರು, ನಿಮ್ಮ ಮಾತು ಓದಿದರೆ ನಮ್ಮ ಕಚೇರಿಯ ಏಸಿಯಲ್ಲೂ ಜೋಳದ ರೊಟ್ಟಿಯ ಬಿಸಿ ತಾಗಿತು ಎಂದು ಬರೆದಿದ್ದರು. ಅತ್ತೆ ಅದನ್ನು ನನ್ನಿಂದ ಮತ್ತೊಮ್ಮೆ ಓದಿಸಿದರು.

ಆಮೇಲೆ ಅದು ನಮ್ಮ ದಿನಚರಿಯಾಯಿತು. ಸಂಜೆ ಕಂತು ನೋಡುವುದು, ನಾನು ಬಟ್ಟೆ ಬದಲಿಸಿ ಬಂದ ಮೇಲೆ ಪತ್ರ ಓದುವುದು, ಅತ್ತೆ ಉತ್ತರ ಹೇಳುವುದು. ಫೋನ್ ಸದಾ ಎಂಗೇಜ್ ಎಂದು ನನ್ನ ಗಂಡ ಗೊಣಗಿದರು. "ನಿನ್ನ ಫ್ಯಾಕ್ಟರಿ ಸುದ್ದಿ ಬೆಳಿಗ್ಗಿ ಕೇಳಿದ್ರ ನಡೀತೈತಿ, ದೊಡ್ಡಕ್ಕನ ಸುದ್ದಿ ನಡ್ಯಾಂಗಿಲ್ಲ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ಆಫೀಸಿನ ಬಸ್ಸಿನಲ್ಲಿ ಕೂತು ನಾನು, ಇವತ್ತು ಅತ್ತೆ ಏನು ಹೇಳಬಹುದು ಎಂದು ಯೋಚಿಸುತ್ತಿದ್ದೆ. ಮನೆಗೆ ಬೇಗ ಹೋಗಬೇಕೆನಿಸುವುದು ಹೊಸ ಸಂಗತಿಯಾಗಿತ್ತು.

ಜಗಳ ಬಂದದ್ದು ಕಾದಂಬರಿಯ ಕೊನೆಯ ದೃಶ್ಯದ ವಿಷಯಕ್ಕೆ.

ದೊಡ್ಡಕ್ಕನ ಪರವಾಗಿ ಅತ್ತೆ ಇಟ್ಟುಕೊಂಡಿದ್ದ ದೊಡ್ಡ ಸಾಕ್ಷಿ ಅದು. ತಂಗಿ ನಸುಕಿನಲ್ಲಿ ಮನೆ ಬಿಟ್ಟು ಹೊರಡುತ್ತಾಳೆ. ಹೆದರಿಕೆಯಲ್ಲಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಬರಿಗಾಲಲ್ಲಿ ಬಸ್‌ಸ್ಟ್ಯಾಂಡಿಗೆ ಬಂದಿರುತ್ತಾಳೆ. ಬಸ್ಸು ಹೊರಡುವ ಹೊತ್ತಿಗೆ ದೊಡ್ಡಕ್ಕ ಏದುಸಿರು ಬಿಡುತ್ತ ಬರುತ್ತಾಳೆ. ಎಲ್ಲರೂ ಬೈಗುಳ ಕಾಯುತ್ತಿರುವಾಗ ಅವಳು ತನ್ನ ಕಾಲಿನ ಚಪ್ಪಲಿ ಬಿಚ್ಚಿ ತಂಗಿಯ ಕಾಲ ಬಳಿ ಇಡುತ್ತಾಳೆ. 'ಓದಾಕ ಹೊಂಟವರು ಹಿಂಗ ಹೋಗ್ತಾರೇನು?' ಅನ್ನುತ್ತಾಳೆ. ಅಷ್ಟೇ. ಆಮೇಲೆ ತಾನು ಬರಿಗಾಲಲ್ಲಿ ಮನೆಗೆ ನಡೆಯುತ್ತಾಳೆ. ಮೊದಲೇ ಕೇಳಿದ್ದರೂ, ಇದನ್ನು ಅತ್ತೆ ಗುಂಪಿಗೆ ಬರೆಸುವಾಗ ನನ್ನ ಕೈ ಕೀಲಿಮಣೆಯ ಮೇಲೆ ನಿಂತುಬಿಟ್ಟಿತ್ತು.

ಉತ್ತರಗಳು ಬಂದವು. ದೃಶ್ಯ ಚೆನ್ನಾಗಿದೆ, ಆದರೆ ಕಾದಂಬರಿಯಲ್ಲಿ ಇಲ್ಲ ಎಂದು ಒಬ್ಬರು. ತಾನು ಎರಡು ಸಲ ಓದಿದ್ದೇನೆ, ಇಲ್ಲವೇ ಇಲ್ಲ ಎಂದು ಇನ್ನೊಬ್ಬರು. ಮಸ್ಕತ್ತಿನವರು ಬಹಳ ಸೌಮ್ಯವಾಗಿ, 'ಅಮ್ಮ, ಬೇರೆ ಯಾವುದೋ ಕತೆ ಇದರ ಜೊತೆ ಕಲಸಿಕೊಂಡಿರಬಹುದು, ವಯಸ್ಸಾದಂತೆ ನಮಗೆಲ್ಲ ಹಾಗಾಗುತ್ತದೆ' ಎಂದು ಬರೆದರು. ಆ ಕೊನೆಯ ಮಾತನ್ನು ಓದದೆ ಬಿಡಲು ನೋಡಿದೆ. ಅತ್ತೆ ಪರದೆಯ ಮೇಲೆ ಇನ್ನೊಂದು ಸಾಲು ಇರುವುದನ್ನು ಗಮನಿಸಿ, "ಅದನ್ನೂ ಓದು" ಎಂದರು. ಓದಿದೆ.

ಅತ್ತೆ ಎದ್ದು ಹೋಗಿ ತುಳಸಿಗೆ ನೀರು ಹಾಕಿದರು. ಮರುದಿನ ಸಂಜೆ ಟಿ.ವಿ. ಹಚ್ಚಲಿಲ್ಲ.

"ಪುಸ್ತಕ ಹುಡುಕೋಣ ಅತ್ತೆ" ಎಂದೆ. "ತೋರಿಸಿಬಿಡೋಣ ಅವರಿಗೆ."

"ಎಲ್ಲಿ ಸಿಗತೈತಿ ಈಗ? ನಮ್ಮ ಮನ್ಯಾಗ ಇದ್ದದ್ದಲ್ಲ ಅದು. ಬೀದರದಾಗ ಬಾಜೂ ಮನಿ ಮಾಸ್ತರರ ಕಡಿಂದ ತಂದಿದ್ದು."

ಗುಂಪಿಗೆ ನಾನೇ ಬರೆದೆ, ಹೈದರಾಬಾದಿನಲ್ಲಿ ಯಾರ ಬಳಿಯಾದರೂ ಆ ಪುಸ್ತಕವಿದೆಯೇ ಎಂದು. ದಿಲ್‌ಸುಖ್‌ನಗರದ ಹುಡುಗಿ ಕೂಡಲೇ ಉತ್ತರಿಸಿದಳು. ಪುಸ್ತಕ ತನ್ನಲ್ಲಿಲ್ಲ, ಆದರೆ ಭಾನುವಾರ ಕೋಠಿಯ ಹಳೆ ಪುಸ್ತಕದವರ ಹತ್ತಿರ ತಾನೂ ಬಂದು ಹುಡುಕುತ್ತೇನೆ ಎಂದಳು.

ಕೋಠಿಯಲ್ಲಿ ಔಷಧದ ಅಂಗಡಿಯೊಂದರ ಮುಂದೆ ಅವಳು ಕಾಯುತ್ತಿದ್ದಳು. ಪತ್ರದಲ್ಲಿ ಅಷ್ಟು ಬೆಂಕಿ ಉಗುಳುವವಳು ನೋಡಲು ಸಣಕಲು, ಎಣ್ಣೆ ಹಾಕಿ ಬಿಗಿದ ಜಡೆ, ಹೆಗಲಿಗೆ ಕೋಚಿಂಗ್ ಸೆಂಟರಿನ ಚೀಲ. ಬಗ್ಗಿ ಅತ್ತೆಯ ಕಾಲಿಗೆ ನಮಸ್ಕರಿಸಿದಳು.

"ದೊಡ್ಡಕ್ಕನ್ನ ಬೈಯಾಕಿ ನೀನ ಏನು?" ಎಂದರು ಅತ್ತೆ.

"ಹೌದ್ರಿ ಅಮ್ಮಾರ. ಇವತ್ತೂ ಬೈತೀನ್ರಿ" ಎಂದಳು. ಅತ್ತೆ ನಕ್ಕರು. ಹಲವು ದಿನಗಳ ಮೇಲೆ ಅವರು ನಕ್ಕದ್ದು.

ಎಂಜಿನಿಯರಿಂಗ್ ಗೈಡುಗಳು, ತೆಲುಗು, ಉರ್ದು ಪುಸ್ತಕಗಳು ರಾಶಿ ರಾಶಿ ಇದ್ದವು. ಕನ್ನಡದ್ದು ಎಂದರೆ ಅಂಗಡಿಯವನು ಮುಖ ನೋಡಿದ. ಅತ್ತೆ ಮತ್ತು ಆ ಹುಡುಗಿ ಮಾತ್ರ ಬಿಸಿಲಲ್ಲಿ ಗಾಡಿಯಿಂದ ಗಾಡಿಗೆ ನಡೆಯುತ್ತ ವಾದ ಮಾಡುತ್ತಲೇ ಇದ್ದರು. ಆಟೋಗಳ ಗದ್ದಲದಲ್ಲಿ ಅರ್ಧ ಮಾತು ನನಗೆ ಕೇಳಿಸುತ್ತಿರಲಿಲ್ಲ. ಹುಡುಗಿಯ ಅಣ್ಣನ ಹೆಂಡತಿಗೆ ಇವಳು ಓದಲು ಬಂದದ್ದು ಇಷ್ಟವಿರಲಿಲ್ಲವಂತೆ. ಅದಕ್ಕೇ ಅವಳಿಗೆ ದೊಡ್ಡಕ್ಕನ ಮೇಲೆ ಅಷ್ಟು ಸಿಟ್ಟು. ಅತ್ತೆ ಅದನ್ನು ಕೇಳಿ ವಾದ ನಿಲ್ಲಿಸಿ ಅವಳಿಗೆ ಕಬ್ಬಿನ ಹಾಲು ಕುಡಿಸಿದರು. ಪುಸ್ತಕ ಸಿಗಲಿಲ್ಲ.

ಕೆಲವು ದಿನ ಬಿಟ್ಟು ಅದನ್ನು ಹುಡುಕಿ ತಂದವಳು ಅವಳೇ. ನಗರದ ಒಂದು ಕನ್ನಡ ಸಂಘದ ಬೀರುವಿನಲ್ಲಿ ಇತ್ತಂತೆ. ರಟ್ಟು ಬಿಚ್ಚಿಹೋದ ಪ್ರತಿ, ಸ್ವಲ್ಪ ಗಟ್ಟಿಯಾಗಿ ತಿರುವಿದರೆ ಹಾಳೆ ಮುರಿಯುವಂತಿತ್ತು. ಸಂಜೆ ನಮ್ಮ ಮನೆಗೇ ತಂದು ಅತ್ತೆಯ ಕೈಗೆ ಕೊಟ್ಟಳು. ತಾನು ಆಗಲೇ ಓದಿಕೊಂಡಿದ್ದಳು, ಚಹಾ ಕೂಡ ಕುಡಿಯದೆ ಕೈ ಕಟ್ಟಿಕೊಂಡು ಕೂತಳು.

ಅತ್ತೆ ಕೊನೆಯ ಅಧ್ಯಾಯಗಳನ್ನು ಓದಿದರು. ನಾವಿಬ್ಬರೂ ಅವರ ಮುಖ ನೋಡುತ್ತಿದ್ದೆವು. ತಂಗಿ ಬರಿಗಾಲಲ್ಲಿ ಹೊರಡುತ್ತಾಳೆ. ಬಸ್ಸು ಬರುತ್ತದೆ. ಹತ್ತುತ್ತಾಳೆ. ಹಿಂದಿರುಗಿ ನೋಡಿದರೆ ರಸ್ತೆಯಲ್ಲಿ ಯಾರೂ ಇಲ್ಲ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ದೊಡ್ಡಕ್ಕ ಬರುವುದಿಲ್ಲ.

ಅತ್ತೆ ಹಿಂದಿನ ಹಾಳೆಗೆ ಹೋದರು, ಮತ್ತೆ ಮುಂದಿನದಕ್ಕೆ ಬಂದರು. ಹಾಳೆ ಹರಿದುಹೋಗಿದೆಯೇ ಎಂದು ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹರಿದಿರಲಿಲ್ಲ.

"ಹೋಗಲಿ ಬಿಡ್ರಿ ಅಮ್ಮಾರ. ಗುಂಪಿನ್ಯಾಗ ನಾ ಏನೂ ಹೇಳೂದಿಲ್ರಿ" ಎಂದಳು ಹುಡುಗಿ.

ಅತ್ತೆ ಕನ್ನಡಕ ತೆಗೆದರು. "ತಂಗಿ, ನಾ ಇದನ್ನ ಓದೇ ಇಲ್ಲ" ಎಂದರು ಮೆಲ್ಲಗೆ. "ಕೇಳೀನಿ. ನಮ್ಮ ವೈನಿ ಓದಿ ಹೇಳಿದ್ರು."

ವೈನಿ ಅಂದರೆ ಅವರ ಅಣ್ಣನ ಹೆಂಡತಿ. ಅತ್ತೆಗೆ ಹದಿಮೂರೋ ಹದಿನಾಲ್ಕೋ ಆಗಿದ್ದಾಗ ವಿಷಮಶೀತ ಜ್ವರ ಬಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರಂತೆ. ಕಣ್ಣು ಬಿಟ್ಟರೆ ತಲೆ ಸಿಡಿಯುತ್ತಿತ್ತು. ಮಧ್ಯಾಹ್ನ ಕೆಲಸವೆಲ್ಲ ಮುಗಿಸಿ ವೈನಿ ಪಕ್ಕದಲ್ಲಿ ಕೂತು, ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು, ಮಾಸ್ತರರ ಮನೆಯಿಂದ ತಂದ ಕಾದಂಬರಿ ಓದುತ್ತಿದ್ದರು. ವೈನಿಯೂ ಆಗ ಚಿಕ್ಕವರೇ. ಆದರೆ ಹಿರಿಯರಿಲ್ಲದ ಆ ಮನೆಯನ್ನು ಅವರೇ ನಡೆಸುತ್ತಿದ್ದರು. ಮಾತು ಕಡಿಮೆ, ನಗುವುದು ಅದಕ್ಕೂ ಕಡಿಮೆ. ಓಣಿಯ ಮಕ್ಕಳೆಲ್ಲ ಅವರಿಗೆ ಹೆದರುತ್ತಿದ್ದವಂತೆ.

"ಅವರು ಓದಿದ್ದನ್ನ ಕಣ್ಣು ಮುಚ್ಚಿಗೊಂಡು ಕೇಳೀನಿ. ಚಪ್ಪಲಿ ಬಿಚ್ಚಿ ಇಟ್ಟದ್ದನ್ನ ಕೇಳೀನಿ. ಕೇಳಿದ್ದನ್ನ ಓದೀನಿ ಅನ್ಕೊಂಡ್ನಲ್ಲ!"

ಆಮೇಲೆ ಇನ್ನೊಂದು ಮಾತು ಹೇಳಿದರು. ಮುಂದೆ ಹೈದರಾಬಾದಿನಲ್ಲಿ ಆಪರೇಟರ್ ಕೆಲಸ ಸಿಕ್ಕಾಗ ಅಣ್ಣ ಬೇಡವೆಂದಿದ್ದನಂತೆ. ಹೆಣ್ಣುಮಗಳು ಬೇರೆ ಊರಲ್ಲಿ ಒಬ್ಬಳೇ ಇರುವುದೆಂದರೆ ಆಗ ಸಣ್ಣ ಮಾತಲ್ಲ. "ವೈನಿ ಕಡೆ ಹೋಗಿ ಕೇಳಾಕ ನನಗ ಹೆದರಿಕಿ ಆಗಲಿಲ್ಲ. ದೊಡ್ಡಕ್ಕನಂಥಾಕೀನ ಕಳಿಸಿಕೊಟ್ಲು, ವೈನಿ ಕಳಸೂದಿಲ್ಲೇನು ಅಂತ ಧೈರ್ಯ. ವೈನಿ ಅಣ್ಣಗ ಏನ್ ಹೇಳಿದ್ರೋ ಗೊತ್ತಿಲ್ಲ. ಮರುದಿನ ವೈನೀನ ನನ್ನ ಕರಕೊಂಡು ಹೈದರಾಬಾದಿನ ಬಸ್ ಹತ್ತಿದ್ರು."

ಹುಡುಗಿ ತಲೆ ತಗ್ಗಿಸಿ ಪುಸ್ತಕದ ಹರಿದ ರಟ್ಟನ್ನು ನೇವರಿಸುತ್ತಿದ್ದಳು. "ಪುಸ್ತಕದಾಗಿನ ದೊಡ್ಡಕ್ಕ ನನಗ ಈಗೂ ಸೇರೂದಿಲ್ಲ ನೋಡ್ರಿ. ನಿಮ್ಮ ದೊಡ್ಡಕ್ಕ ಸೇರತಾಳ" ಎಂದಳು.

ವೈನಿ ಇನ್ನೂ ಇದ್ದರು, ಬೀದರಿನಲ್ಲಿ ಮೊಮ್ಮಕ್ಕಳ ಜೊತೆ. ಅಲ್ಲೇ ಕೂತು ಅತ್ತೆ ಫೋನ್ ಹಚ್ಚಿದರು. ವೈನಿಗೆ ಕಿವಿ ಮಂದ. ಇಡೀ ಸರ್ವೀಸಿನಲ್ಲಿ ದನಿ ಎತ್ತದೆ ಮಾತಾಡಿದ ಅತ್ತೆ ಅವತ್ತು ಓಣಿಗೆಲ್ಲ ಕೇಳುವಂತೆ ಕೂಗಿದರು.

"ವೈನೀ! ದೊಡ್ಡಕ್ಕ ಚಪ್ಪಲಿ ಕೊಟ್ಟದ್ದು ಪುಸ್ತಕದಾಗ ಇಲ್ಲಲ್ರೀ!"

ಆ ಕಡೆಯಿಂದ ಬಂದ ಉತ್ತರ ನಮಗೂ ಕೇಳಿಸಿತು. ವೈನಿಯೂ ಕೂಗಿಯೇ ಮಾತಾಡುತ್ತಿದ್ದರು. "ಇಲ್ಲ. ಹೆಂಗ ಇರತೈತಿ? ನಾ ಹಾಕಿದ್ದು ಅದು."

"ಯಾಕ್ ಹಾಕಿದ್ರಿ?"

"ಜ್ವರದಾಗ ಮಲಗಿದ್ದಿ. ಕಣ್ಣಾಗ ನೀರು ತಗೊಂಡು ಮುಂದೇನಾತು ವೈನಿ ಅಂತ ಕೇಳಿದಿ. ಯಾರೂ ಬರಲಿಲ್ಲ ಅಂತ ಹೆಂಗ ಹೇಳಲಿ? ಆ ಹುಡುಗಿ ಒಬ್ಬಾಕೀನ ಹೋಗೂದು ನನಗ ಸರಿ ಕಾಣಲಿಲ್ಲ. ಕಳಸಾಕ ಒಬ್ಬಾಕೀನ್ನ ಕಳಿಸಿದೆ." ಆಮೇಲೆ, "ಇಷ್ಟು ವರ್ಷಕ್ಕ ಅದನ್ನ ಕೇಳಾಕ ಫೋನ್ ಮಾಡಿದೇನ ಹುಚ್ಚಿ?" ಎಂದರು.

ಅತ್ತೆ ರಿಸೀವರನ್ನು ನನ್ನ ಕೈಗೆ ಕೊಟ್ಟರು. ನಾನು ಆ ವೈನಿಯ ಜೊತೆ ಮೊದಲ ಸಲ ಮಾತಾಡಿದ್ದು ಹಾಗೆ. ಮಳೆ ಬೆಳೆ ವಿಚಾರಿಸಿದೆ. ಅವರು ನನ್ನ ಹೊಟ್ಟೆಪಾಡಿನ ಕೆಲಸ ಏನೆಂದು ಕೇಳಿದರು. ತಪ್ಪು ಹುಡುಕುವುದು ಎಂದೆ. "ಅದಕ್ಕೂ ಪಗಾರ ಕೊಡ್ತಾರೇನವಾ?" ಎಂದು ನಿಜವಾಗಿ ಬೆರಗಾದರು.

ಗುಂಪಿಗೆ ಅತ್ತೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆಸಿದರು. ನೀವು ಹೇಳಿದ್ದೇ ಖರೆ, ಪುಸ್ತಕದಲ್ಲಿ ಅದು ಇಲ್ಲ ಎಂದು ಮೊದಲ ಸಾಲು. ಆಮೇಲೆ ವೈನಿಯ ಸುದ್ದಿ. ಆ ವಾರ ಗುಂಪಿನಲ್ಲಿ ಯಾರೂ ಧಾರಾವಾಹಿಯ ಬಗ್ಗೆ ಬರೆಯಲಿಲ್ಲ. ತಮಗೆ ಯಾರು ಓದಿ ಹೇಳಿದ್ದರು, ಅವರು ಏನನ್ನು ಬಿಟ್ಟು ಓದಿದ್ದರು, ಏನನ್ನು ಸೇರಿಸಿದ್ದರು ಎಂದು ಒಬ್ಬೊಬ್ಬರೇ ಬರೆದರು. ಒಬ್ಬಾಕೆಯ ಅಪ್ಪ ಕತೆಯಲ್ಲಿ ಸಾಯುವ ನಾಯಿಯನ್ನು ಬದುಕಿಸಿ ಓದಿದ್ದರಂತೆ. ಮಸ್ಕತ್ತಿನವರು ಅತ್ತೆಯ ಹೆಸರಿಗೇ ಬೇರೆ ಪತ್ರ ಹಾಕಿದ್ದರು. 'ವಯಸ್ಸಿನ ಮಾತು ಆಡಬಾರದಿತ್ತು ಅಮ್ಮ. ನನ್ನ ತಾಯಿ ಓದು ಬಾರದವರು, ಆದರೆ ಪುಸ್ತಕ ಹಿಡಿದು ಓದುವಂತೆ ನಟಿಸಿ ಕತೆ ಹೇಳುತ್ತಿದ್ದರು. ಆ ಪುಸ್ತಕಗಳಲ್ಲಿ ನಿಜಕ್ಕೂ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.' ಅತ್ತೆ ಕೇಳಿ, "ಭಾಳ ಚಲೋ ಮನಶಾ" ಎಂದರು.

ಧಾರಾವಾಹಿ ಮುಗಿಯುವ ವಾರ ನಾವು ಬೀದರಿಗೆ ಹೋದೆವು. ಅತ್ತೆ, ನಾನು, ಮತ್ತು ಆ ಹುಡುಗಿ. ಅವಳಿಗೆ ವೈನಿಯನ್ನು ನೋಡಲೇಬೇಕಿತ್ತು. ನಾನು ಯಾರೋ ಕರುಣಾಮಯಿಯಾದ ಮುದುಕಿಯನ್ನು ಕಲ್ಪಿಸಿಕೊಂಡಿದ್ದೆ. ಬಾಗಿಲಲ್ಲಿ ನಿಂತಿದ್ದವರು ನೆಟ್ಟಗಿನ ಬೆನ್ನಿನ, ಗಂಟುಮುಖದ ಹೆಂಗಸು. "ಕಾಲು ತೊಳಕೊಳ್ಳದ ಒಳಗ ಬರಬ್ಯಾಡ್ರಿ" ಎಂಬುದೇ ಅವರ ಸ್ವಾಗತ.

ಸಂಜೆ ಎಲ್ಲರೂ ಕೊನೆಯ ಕಂತು ನೋಡಿದೆವು. ಕಾಡಿಗೆ ಕಣ್ಣಿನ ದೊಡ್ಡಕ್ಕ ಅಬ್ಬರಿಸಿ, ಕೊನೆಗೆ ಹುಚ್ಚಿಯಾಗಿ ಬಾವಿಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. ಅತ್ತೆ ಹಲ್ಲು ಕಚ್ಚಿಕೊಂಡು ಕೂತಿದ್ದರು. ವೈನಿ ಮಾತ್ರ ಬಾಯಿ ತೆರೆದು ನೋಡುತ್ತಿದ್ದರು. ಆ ಮೇಳದ ನಗಾರಿ ಅವರ ಕಿವಿಗೂ ಕೇಳುತ್ತಿತ್ತು.

"ಎಷ್ಟು ಚಂದ ಸಿಟ್ಟಾಗ್ತಾಳ! ನನಗ ಹಿಂಗ ಒಂದ ಸಲಾನೂ ಸಿಟ್ಟ ಮಾಡಾಕ ಬರಲಿಲ್ಲ" ಎಂದರು. ಹುಡುಗಿ ನಗು ತಡೆಯಲಾರದೆ ತನ್ನ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಅತ್ತೆಗೂ ನಗು ಬಂತು.

ಮರುದಿನ ಭಾನುವಾರ. ಬೆಳಿಗ್ಗೆ ಗುಂಪಿನವರೆಲ್ಲ ಒಂದೇ ಹೊತ್ತಿಗೆ ಚಾಟ್‌ನಲ್ಲಿ ಕೂರುವುದೆಂದು ಮೊದಲೇ ಆಗಿತ್ತು. ಬೀದರಿನ ಬಸ್‌ಸ್ಟ್ಯಾಂಡಿನ ಹತ್ತಿರದ ನೆಟ್ ಸೆಂಟರಿಗೆ ವೈನಿಯನ್ನೂ ಕರೆದುಕೊಂಡು ಹೋದೆವು. ಪ್ಲೈವುಡ್ಡಿನ ಗೂಡಿನಲ್ಲಿ ಇಬ್ಬರು ಕೂರುವ ಜಾಗ. ವೈನಿಗೆ ಕುರ್ಚಿ ಕೊಟ್ಟು ನಾನು ಸ್ಟೂಲಿನ ಮೇಲೆ ಕೂತೆ. ಅತ್ತೆ ಮತ್ತು ಹುಡುಗಿ ಹಿಂದೆ ನಿಂತರು. ವೈನಿ ಬಂದಿದ್ದಾರೆ ಎಂದು ನಾನು ಟೈಪ್ ಮಾಡಿದ್ದೇ ತಡ, ಪರದೆಯ ಮೇಲೆ ನಮಸ್ಕಾರಗಳು ಸಾಲುಗಟ್ಟಿದವು. ಒಂದೊಂದನ್ನೂ ಅವರ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದೆ. ಕೊನೆಗೆ ಮಸ್ಕತ್ತಿನವರ ಪ್ರಶ್ನೆ ಬಂತು: ಧಾರವಾಡದಲ್ಲಿ ಇಳಿದ ಮೇಲೆ ತಂಗಿ ಏನಾದಳು ಎಂದು ವೈನಿಯವರನ್ನು ಕೇಳಿ ಹೇಳಿ.

ವೈನಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಅಕಿ ಇಳದಾಗ ಜಿಟಿಜಿಟಿ ಮಳಿ ಹತ್ತಿತ್ತು" ಎಂದು ಶುರುಮಾಡಿದರು. "ಟಾಂಗಾದವ ಒಬ್ಬ ಮುದಕ ಇದ್ದ. ಎಲ್ಲಿಗೆ ಹೋಗಬೇಕವಾ ಅಂದ..."

ನನ್ನ ಬೆರಳುಗಳು ಅವರ ಮಾತಿನ ಹಿಂದೆ ಓಡಿದವು. ಗೂಡಿನ ಆಚೆ ಹುಡುಗರು ಆಟವಾಡುತ್ತ ಗುಂಡು ಹಾರಿಸುತ್ತಿದ್ದ ಸದ್ದು ಬರುತ್ತಿತ್ತು. ವೈನಿಗೆ ಅದು ಕೇಳುತ್ತಿರಲಿಲ್ಲ. ತಂಗಿ ಹಾಸ್ಟೆಲ್ ಸೇರಿದಳು, ಗಣಿತದಲ್ಲಿ ಒಮ್ಮೆ ಫೇಲಾದಳು, ಮತ್ತೆ ಪಾಸಾದಳು. ಒಂದು ಹಳ್ಳಿಯ ಶಾಲೆಗೆ ಟೀಚರಾದಳು. ಪರದೆಯ ಆ ಕಡೆಯವರು ಬರೀ 'ಹೂಂ', 'ಹೂಂ' ಎಂದು ಟೈಪ್ ಮಾಡುತ್ತಿದ್ದರು. ಹಿಂದೆ ತಿರುಗಿ ನೋಡಿದೆ. ಅತ್ತೆ ಕುರ್ಚಿಯ ಬೆನ್ನು ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು.

"ಮತ್ತ ದೊಡ್ಡಕ್ಕ ಏನಾದ್ಲು ವೈನಿ?" ಎಂದರು, ಕೂಗಿ.

"ಅಕಿ ಎಲ್ಲಿ ಹೋಗ್ತಾಳ? ಮನ್ಯಾಗ ಅದಾಳ. ಹಬ್ಬಕ್ಕ ತಂಗಿ ಬಂದ್ರ ಬರಬಹುದು ಅಂತ ದಾರಿ ನೋಡಕೋತ."

ಅತ್ತೆ ಬಗ್ಗಿ ಹಿಂದಿನಿಂದಲೇ ವೈನಿಯ ಭುಜಕ್ಕೆ ಗದ್ದ ಊರಿದರು. ವೈನಿ ಮೊದಲು, "ಏ, ಮಂದಿ ನೋಡ್ತಾರ" ಎಂದು ಗದರಿದರು. ಆಮೇಲೆ ಕೈ ಹಿಂದಕ್ಕೆ ಚಾಚಿ ಅತ್ತೆಯ ಕೆನ್ನೆ ತಟ್ಟಿದರು. ಮಸ್ಕತ್ತಿನವರು 'ಮುಂದೆ?' ಎಂದು ಟೈಪ್ ಮಾಡಿ ಕಾಯುತ್ತಿದ್ದರು. ನಾನೂ ಕೀಲಿಮಣೆಯ ಮೇಲೆ ಕೈಯಿಟ್ಟು, ಅತ್ತೆ ತಲೆ ಎತ್ತುವವರೆಗೆ ಕಾದೆ.